ಕೊಡಲಿ, ಕತ್ತಿ, ಚಾಕು: ಕಥಾಪ್ರಧಾನ ವಿಡಿಯೋ ಗೇಮ್‌ಗಳಲ್ಲಿ ಕಾದಾಟದ ವಿನ್ಯಾಸ

ಧ್ವನಿ ಕೇಳಿಸದಿದ್ದರೆ ದಯವಿಟ್ಟು ಚಾಟ್‌ನಲ್ಲಿ ಹಾಕಿ. ಇಲ್ಲಿ ಕಾಸರಗೋಡಿನಲ್ಲಿ ಮಳೆ ಜೋರು ಉಂಟು, ನೆಟ್ ಹೋದರೆ ಒಂದು ನಿಮಿಷ ಕಾಯಬೇಕಾಗಬಹುದು.

ಕನ್ನಡ ಎಂ.ಎ. ಓದುವವ ವಿಡಿಯೋ ಗೇಮಿನ ಬಗ್ಗೆ ಪ್ರಬಂಧ ಓದುವುದು ಯಾಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಸರಳ. ನನ್ನ ವಯಸ್ಸಿನವರು ಕಥೆ ಕೇಳುವ ಜಾಗಗಳಲ್ಲಿ ಇದೂ ಒಂದು. ಇಪ್ಪತ್ತು, ಮೂವತ್ತು ಗಂಟೆ ಒಂದೇ ಕಥೆಯೊಳಗೆ ಕೂತಿರುತ್ತೇವೆ. ಆದರೆ ಅದರ ವಿಮರ್ಶೆ ಅಂತ ನಮಗೆ ಸಿಗುವುದು ಬಹುಪಾಲು ಅಂಕಪಟ್ಟಿ: ಕಥೆಗೆ ಒಂಬತ್ತು, ಕಾದಾಟಕ್ಕೆ ಎಂಟು, ಚಿತ್ರಕ್ಕೆ ಹತ್ತು. ಕಾವ್ಯದಲ್ಲಿ ವಸ್ತುವಿಗೆ ಇಷ್ಟು, ಛಂದಸ್ಸಿಗೆ ಇಷ್ಟು ಅಂತ ಅಂಕ ಕೊಟ್ಟರೆ ನಮ್ಮ ಮೇಷ್ಟ್ರುಗಳು ಸುಮ್ಮನೆ ಬಿಡುತ್ತಾರಾ? ಈ ಭಾಗ ಮಾಡುವ ಲೆಕ್ಕವೇ ತಪ್ಪು ಎಂಬುದು ನನ್ನ ವಾದ. ಕಥಾಪ್ರಧಾನ ಆಟದಲ್ಲಿ ಆಡುವವ ಅತಿ ಹೆಚ್ಚು ಹೊತ್ತು ಮಾಡುವ ಕೆಲಸ ಹೊಡೆದಾಟ. ಆ ಹೊಡೆದಾಟಕ್ಕೆ ಕಥೆ ಗೊತ್ತಿಲ್ಲದಿದ್ದರೆ, ಅದು ಎಷ್ಟೇ ನಯವಾಗಿರಲಿ, ವಿನ್ಯಾಸ ಅರ್ಧದಲ್ಲಿ ನಿಂತಿದೆ ಅಂತಲೇ ಹೇಳಬೇಕು.

ಈ ಮಾತು ಪೂರ್ತಿ ಹೊಸದಲ್ಲ. 2007ರಲ್ಲಿ ಕ್ಲಿಂಟ್ ಹಾಕಿಂಗ್ ಎಂಬ ಆಟ ವಿನ್ಯಾಸಕ 'ಬಯೋಶಾಕ್' ಬಗ್ಗೆ ಬರೆಯುತ್ತಾ, ಕಥೆ ಹೇಳುವುದು ಒಂದು, ಆಟ ಮಾಡಿಸುವುದು ಇನ್ನೊಂದು ಆದಾಗ ಹುಟ್ಟುವ ಅಪಸ್ವರಕ್ಕೆ ಒಂದು ಹೆಸರು ಕೊಟ್ಟ. ಆಮೇಲೆ ಆ ಹೆಸರು ಎಷ್ಟು ಸವೆದುಹೋಯಿತು ಅಂದರೆ, 'ಅನ್‌ಚಾರ್ಟೆಡ್ 4' ಆಟದಲ್ಲಿ ಸಾವಿರ ಜನರನ್ನು ಕೊಂದವನಿಗೆ ಅದೇ ಹೆಸರಿನ ಒಂದು ಟ್ರೋಫಿ ಇಟ್ಟಿದ್ದಾರೆ! ದೋಷವನ್ನೇ ಬಹುಮಾನ ಮಾಡಿ ಕೊಡುವ ಜಾಣತನ. ನಾನು ಆ ಪದ ಬಿಟ್ಟು ಒಂದು ಸಣ್ಣ ಪರೀಕ್ಷೆ ಇಟ್ಟುಕೊಳ್ಳುತ್ತೇನೆ: ಈ ಕಾದಾಟವನ್ನು ಇಲ್ಲಿಂದ ಕಿತ್ತು ಬೇರೆ ಕಥೆಯಲ್ಲಿ ನೆಟ್ಟರೆ ಏನಾದರೂ ಕಳೆದುಹೋಗುತ್ತದೆಯೇ?

ಆರಿಸಿಕೊಂಡ ಆಟಗಳು ಮೂರು. 2018ರ 'ಗಾಡ್ ಆಫ್ ವಾರ್', 2019ರ 'ಸೆಕಿರೋ: ಶ್ಯಾಡೋಸ್ ಡೈ ಟ್ವೈಸ್', 2020ರ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2'. ಮೂರೂ ಆಯಾ ವರ್ಷ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಅನ್ನಿಸಿಕೊಂಡವು. ಮೊದಲನೆಯದೂ ಕೊನೆಯದೂ ಆರಂಭದಲ್ಲಿ ಪ್ಲೇಸ್ಟೇಷನ್‌ಗೆ ಮಾತ್ರ ಇದ್ದವು, ನಂತರ ಪಿಸಿಗೂ ಬಂದವು. ಆಡದವರು ಗಾಬರಿಯಾಗಬೇಡಿ, ಕಥೆ ಹೇಳಿಯೇ ಮುಂದೆ ಹೋಗುತ್ತೇನೆ. (ಆಡಬೇಕು ಅಂತಿರುವವರು ಬೇಕಾದರೆ ಈಗ ಸದ್ದು ಬಂದ್ ಮಾಡಬಹುದು, ಅಂತ್ಯಗಳನ್ನೂ ಹೇಳಲಿಕ್ಕುಂಟು.)

ಮೊದಲು 'ಗಾಡ್ ಆಫ್ ವಾರ್'. ಸಾಂಟಾ ಮೋನಿಕಾ ಸ್ಟುಡಿಯೋದ ಕೆಲಸ, ನಿರ್ದೇಶಕ ಕೋರಿ ಬಾರ್ಲಾಗ್. ಗ್ರೀಕ್ ದೇವತೆಗಳನ್ನು ಕೊಂದು ಬಂದ ಕ್ರೇಟೋಸ್ ಈಗ ಉತ್ತರದ ಹಿಮದ ನಾಡಿನಲ್ಲಿ ಮಧ್ಯವಯಸ್ಕ ಅಪ್ಪ. ಹೆಂಡತಿ ಫೇ ತೀರಿಕೊಂಡಿದ್ದಾಳೆ. ಅವಳ ಬೂದಿಯನ್ನು ಎಲ್ಲಕ್ಕಿಂತ ಎತ್ತರದ ಶಿಖರದಿಂದ ಚೆಲ್ಲಬೇಕು, ಜೊತೆಗೆ ಬರುವವ ಮಗ ಅಟ್ರಿಯಸ್. ಮಗನ ಹತ್ತಿರ ಹೇಗೆ ಮಾತಾಡಬೇಕು ಅಂತ ಅಪ್ಪನಿಗೆ ಗೊತ್ತಿಲ್ಲ. ಕ್ಯಾಮೆರಾ ಮೊದಲಿನಿಂದ ಕೊನೆಯವರೆಗೆ ಎಲ್ಲೂ ಕತ್ತರಿಸದೆ, ಒಂದೇ ಓಟದಲ್ಲಿ, ಅವನ ಹೆಗಲ ಹಿಂದೆಯೇ ಇರುತ್ತದೆ.

ಅವನ ಕೈಯ ಕೊಡಲಿ ಹೆಂಡತಿಯದು. ಎಸೆದರೆ ಹೋಗಿ ನಾಟುತ್ತದೆ, ಒಂದು ಬಟನ್ ಒತ್ತಿದರೆ ಹಾರಿ ವಾಪಸು ಕೈಗೆ ಬರುತ್ತದೆ. ಬರಲು ಒಂದು ಕ್ಷಣ ತಡ; ಕೈಗೆ ತಾಗುವಾಗ ಕಂಟ್ರೋಲರ್ ನಡುಗುತ್ತದೆ. ಎಲ್ಲ ವಿಮರ್ಶಕರೂ ಹೊಗಳಿದ್ದು ಇದನ್ನೇ. ಚೆನ್ನಾಗಿದೆ, ನಾನೂ ಬಹಳ ಹೊತ್ತು ಸುಮ್ಮನೆ ಮರಕ್ಕೆ ಎಸೆದು ಕರೆಸಿಕೊಂಡಿದ್ದೇನೆ. ಆದರೆ ನನ್ನ ದೃಷ್ಟಿಯಲ್ಲಿ ಈ ಆಟದ ನಿಜವಾದ ಶೋಧ ಕೊಡಲಿಯಲ್ಲ, ಇನ್ನೊಂದು ಬಟನ್: ಮಗನಿಗೆ ಬಾಣ ಬಿಡು ಅಂತ ಹೇಳುವ ಬಟನ್.

ಆರಂಭದ ಬೇಟೆಯಲ್ಲಿ ಹುಡುಗ ಅಪ್ಪನ ಮಾತಿಗೆ ಕಾಯದೆ ಬಾಣ ಬಿಟ್ಟು ಜಿಂಕೆ ತಪ್ಪಿಸಿಕೊಳ್ಳುತ್ತದೆ, ಬೈಸಿಕೊಳ್ಳುತ್ತಾನೆ. ಮುಂದಿನ ಕಾದಾಟಗಳಲ್ಲಿ ಆ ಬಟನ್ ಒತ್ತಿದಾಗೆಲ್ಲ ನಾವು ಆ ಬೈಗುಳದ ಮುಂದುವರಿಕೆಯಾಗಿರುತ್ತೇವೆ: ನಾನು ಹೇಳಿದಾಗ ಬಿಡು. ದಿನ ಹೋದಂತೆ ಅದು ಅಪ್ಪಣೆಯಾಗಿ ಉಳಿಯುವುದಿಲ್ಲ, ಆಸರೆಯಾಗುತ್ತದೆ. ಹಿಂದಿನಿಂದ ಬಂದ ವೈರಿಯನ್ನು ಹುಡುಗನ ಬಾಣ ತಡೆಯುತ್ತದೆ ಅಂತ ಕೈಗೆ ರೂಢಿಯಾಗುತ್ತದೆ. ಆಗ ಹುಡುಗ ಕಾಯಿಲೆ ಬೀಳುತ್ತಾನೆ. ಅವನನ್ನು ಫ್ರೇಯಾಳ ಮನೆಯಲ್ಲಿ ಮಲಗಿಸಿ, ಔಷಧಿಗೆ ಬೇಕಾದದ್ದನ್ನು ತರಲು ಕ್ರೇಟೋಸ್ ಒಬ್ಬನೇ ಹೆಲ್‌ಹೈಮ್ ಎಂಬ ಸತ್ತವರ ಲೋಕಕ್ಕೆ ಹೋಗಬೇಕು. ಅಲ್ಲಿ ಹಿಮದ ಕೊಡಲಿ ಕೆಲಸಕ್ಕೆ ಬಾರದು. ಹಾಗಾಗಿ ತಾನು ನೆಲದಡಿ ಹೂತಿಟ್ಟಿದ್ದ ಹಳೆಯ ಬೆಂಕಿಯ ಕತ್ತಿಗಳನ್ನು, ತನ್ನ ಪಾಪದ ದಿನಗಳ ಆಯುಧಗಳನ್ನು, ತೆಗೆಯುತ್ತಾನೆ.

ಗಮನಿಸಬೇಕು. ಕೈಗೆ ಹೊಸ ಬಲ ಬಂತು, ಕತ್ತಿಗಳು ಬೀಸಲು ಬಹಳ ಸುಖ. ಆದರೆ ಬಾಣದ ಬಟನ್ ಒತ್ತಿದರೆ ಬಾಣ ಬರುವುದಿಲ್ಲ. ಮಗ ಅಲ್ಲಿಲ್ಲ. ಅಪ್ಪನ ಒಂಟಿತನವನ್ನು ಯಾವ ಸಂಭಾಷಣೆಯೂ ಇಷ್ಟು ಚೆನ್ನಾಗಿ ಹೇಳಿಲ್ಲ. ಅದು ಹೆಬ್ಬೆರಳಿಗೆ ಗೊತ್ತಾಗುವ ವಿಷಯ. ಈ ಕಾದಾಟವನ್ನು ಕಿತ್ತು ಬೇರೆಡೆ ನೆಡಲು ಆಗದು. ನನ್ನ ಪರೀಕ್ಷೆಯಲ್ಲಿ ಇದು ಪೂರ್ತಿ ಪಾಸು.

ಅದೇ ಆಟ ಇನ್ನೊಂದು ಕಡೆ ಫೇಲಾಗುತ್ತದೆ. ದಾರಿಯುದ್ದಕ್ಕೂ ಟ್ರೋಲ್ ಎಂಬ ದೈತ್ಯರು ಎದುರಾಗುತ್ತಾರೆ. ಒಬ್ಬನಿಗೆ ಬೆಂಕಿ, ಇನ್ನೊಬ್ಬನಿಗೆ ಹಿಮ, ಹೆಸರು ಬೇರೆ ಬೇರೆ. ಮೈ ಒಂದೇ, ಹೊತ್ತ ಕಂಬ ಒಂದೇ, ಬೀಳುವ ರೀತಿಯೂ ಹೆಚ್ಚುಕಮ್ಮಿ ಒಂದೇ. ಪುನರಾವರ್ತನೆ ದೋಷ ಅಂತ ಎಲ್ಲರೂ ಬರೆದರು. ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಪುನರಾವರ್ತನೆಯನ್ನೇ ದೋಷ ಎಂದರೆ ನಮ್ಮೂರಿನವರು ಒಪ್ಪಲಿಕ್ಕಿಲ್ಲ. ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಹತ್ತಿರ. ಯಕ್ಷಗಾನದಲ್ಲಿ ಯುದ್ಧ ಎಲ್ಲ ಪ್ರಸಂಗದಲ್ಲೂ ಹತ್ತಿರ ಹತ್ತಿರ ಒಂದೇ ಥರ. ವಾದ, ಏರು ಪದ್ಯ, ಚೆಂಡೆ, ಧೀಂಗಿಣ. ರಾವಣನೂ ಹಾಗೆ, ಕರ್ಣನೂ ಹಾಗೆ. ಯಾರಿಗೂ ಬೇಸರ ಬರುವುದಿಲ್ಲ, ಬದಲಿಗೆ ಅದಕ್ಕೇ ಕಾದು ಕೂತಿರುತ್ತಾರೆ. ಯಾಕೆ? ಕುಣಿತ ಶುರುವಾಗುವ ಮೊದಲು ಅರ್ಥದಲ್ಲಿ ಆ ಇಬ್ಬರ ನಡುವೆ ಏನೋ ನಡೆದಿದೆ. ಅಣ್ಣ ಅಂತ ತಿಳಿಯದೆ ತಮ್ಮ ಹಂಗಿಸಿದ್ದಾನೆ, ಋಣದ ಮಾತು ಬಂದಿದೆ. ಆ ಮಾತು ಕುಣಿತದೊಳಗೆ ಇಳಿಯುತ್ತದೆ. ಟ್ರೋಲ್‌ಗೆ ಕುಣಿತ ಉಂಟು, ಅರ್ಥ ಇಲ್ಲ. ಹಾಗಾಗಿ ಮೂರನೆಯ ಟ್ರೋಲ್ ಬರುವಾಗ ನಮಗೆ ಮೂರನೆಯ ಸಲ ಅಂತ ಎಣಿಕೆ ಹತ್ತುತ್ತದೆ. ದೋಷ ಇರುವುದು ಅಲ್ಲಿ.

ಬಾಲ್ಡರ್ ಎಂಬ ಮುಖ್ಯ ವೈರಿಯ ವಿಷಯದಲ್ಲಿ ನನ್ನ ತಕರಾರು ಇನ್ನೂ ಗಟ್ಟಿ. ಅವನಿಗೆ ತಾಯಿಯ ಮಂತ್ರದಿಂದ ಯಾವ ಸ್ಪರ್ಶವೂ ತಿಳಿಯುವುದಿಲ್ಲ. ನೋವಿಲ್ಲ, ರುಚಿಯಿಲ್ಲ, ಬಿಸಿ ತಂಪಿಲ್ಲ. ಎಂಥಾ ಪಾತ್ರ! ಕ್ರೇಟೋಸನ ಮನೆ ಬಾಗಿಲಿಗೆ ಬಂದು ಜಗಳ ತೆಗೆಯುವುದೇ ಆ ಹತಾಶೆಯಿಂದ ಅನ್ನಿಸುತ್ತದೆ. ಆದರೆ ನಾವು ಹೊಡೆದಂತೆಲ್ಲ ಪರದೆಯ ಮೇಲೆ ಅವನ ಬಲದ ಪಟ್ಟಿ ಬೇರೆಲ್ಲರದ್ದರ ಹಾಗೇ ಇಳಿಯುತ್ತದೆ. ಕೊನೆಯಲ್ಲಿ ಮಂತ್ರ ಮುರಿದು, ನೋವು ಹಿಂತಿರುಗಿ, ಅವನು ಆ ನೋವಿಗೇ ಖುಷಿಪಡುವಾಗಲೂ ಅದೇ ಪಟ್ಟಿ, ಅದೇ ಇಳಿತ. ನೋವಿಲ್ಲದವನನ್ನು ಹೊಡೆಯುವುದಕ್ಕೂ ನೋವುಳ್ಳವನನ್ನು ಹೊಡೆಯುವುದಕ್ಕೂ ಕೈಗೆ ವ್ಯತ್ಯಾಸ ತಿಳಿಯದಿದ್ದರೆ, ಕಥೆ ಕಟ್‌ಸೀನಿನಲ್ಲಿ ನಡೆಯಿತು, ಕಾದಾಟ ಪಕ್ಕದಲ್ಲಿ ನಡೆಯಿತು ಅಷ್ಟೆ. ದೃಶ್ಯವಾಗಿ ಅದು ಭವ್ಯ, ಅದರಲ್ಲಿ ಎರಡು ಮಾತಿಲ್ಲ.

ಈಗ 'ಸೆಕಿರೋ'. ಜಪಾನಿನ ಫ್ರಮ್‌ಸಾಫ್ಟ್‌ವೇರ್, ನಿರ್ದೇಶಕ ಹಿಡೆಟಾಕಾ ಮಿಯಾಝಾಕಿ. ಇದನ್ನು ಕಥಾಪ್ರಧಾನ ಅಂತ ಕರೆಯಬಹುದಾ ಎಂದು ಕೆಲವರು ಕೇಳುತ್ತಾರೆ, ಯಾಕಂದರೆ ಮಾತು ಬಹಳ ಕಡಿಮೆ. ತೋಳ ಎಂಬ ಹೆಸರಿನ ಒಬ್ಬ ಶಿನೋಬಿ, ಅಂದರೆ ಗುಪ್ತಯೋಧ. ಅವನು ಕಾಯಬೇಕಾದ ಬಾಲಕ ಕುರೋ, ಆ ಬಾಲಕನ ರಕ್ತದಲ್ಲಿ ಸಾವನ್ನು ಹಿಂತಿರುಗಿಸುವ ಶಕ್ತಿ. ಅದನ್ನು ಬಯಸುವವರು ಸುತ್ತಲೂ.

ಇಲ್ಲಿ ವೈರಿಯ ಬಲದ ಪಟ್ಟಿಯ ಜೊತೆಗೆ ನಿಲುವಿನ ಪಟ್ಟಿ ಅಂತ ಇನ್ನೊಂದುಂಟು. ಅವನ ಕತ್ತಿ ಬೀಳುವ ಸರಿಯಾದ ಕ್ಷಣದಲ್ಲಿ ನಮ್ಮ ಕತ್ತಿ ಅಡ್ಡ ಹಿಡಿದರೆ ಅವನ ನಿಲುವು ಕುಸಿಯುತ್ತಾ ಬರುತ್ತದೆ. ಪೂರ್ತಿ ಕುಸಿದಾಗ ಒಂದೇ ಮರಣದ ಏಟು. ನಾವು ಹಿಂದೆ ಸರಿದು ಉಸಿರು ತೆಗೆದುಕೊಂಡರೆ ಅವನೂ ತೆಗೆದುಕೊಳ್ಳುತ್ತಾನೆ, ನಿಲುವು ಚೇತರಿಸುತ್ತದೆ. ಹಾಗಾಗಿ ಓಡಿ ತಪ್ಪಿಸಿಕೊಳ್ಳುವ ಆಟ ಇದಲ್ಲ. ಎದುರು ನಿಂತು, ಲಯ ಕೇಳಿ, ಲಯದಲ್ಲಿ ಉತ್ತರ ಕೊಡುವ ಆಟ. ಕತ್ತಿ ತಾಗುವ ಸದ್ದೇ ತಾಳ. ಮದ್ದಳೆ ಕಲಿತ ನನ್ನ ಗೆಳೆಯನೊಬ್ಬ ನನಗಿಂತ ಬೇಗ ಇದನ್ನು ಹಿಡಿದ, ನಾನು ಅದರಿಂದ ಸಿದ್ಧಾಂತ ಕಟ್ಟಲು ಹೋಗುವುದಿಲ್ಲ.

ಇದರಲ್ಲಿ ಗೂಬೆ ಎಂಬವನ ಜೊತೆಗಿನ ಕಾದಾಟ ನೋಡಿ. ಅವನು ತೋಳನ ಸಾಕುತಂದೆ, ಗುರು. ಅಪ್ಪನ ಮಾತೇ ಎಲ್ಲಕ್ಕಿಂತ ಮೇಲು, ಒಡೆಯನದ್ದು ಆಮೇಲೆ ಅಂತ ಕಲಿಸಿದವನು. ಈಗ ಅವನೇ ಬಂದು, ಆ ಬಾಲಕನನ್ನು ಬಿಡು ಅನ್ನುತ್ತಾನೆ. ಆಡುವವನ ಮುಂದೆ ಆಯ್ಕೆ ಬರುತ್ತದೆ. ಒಪ್ಪಿದರೆ ಕಥೆ ಅಲ್ಲೇ ಬೇಗ, ಕ್ರೂರವಾಗಿ ಮುಗಿಯುತ್ತದೆ. ಒಪ್ಪದಿದ್ದರೆ ಅಪ್ಪನೊಂದಿಗೆ ಕತ್ತಿ ಹಿಡಿಯಬೇಕು. ಅವನ ಹತ್ತಿರ ಎಸೆಯುವ ಅಲಗು, ಪಟಾಕಿ, ನಾವು ಗಾಯಕ್ಕೆ ಔಷಧಿ ಕುಡಿಯದ ಹಾಗೆ ಮಾಡುವ ಹೊಗೆ, ಎಲ್ಲ ಉಂಟು. ನಾವು ಅಷ್ಟು ಹೊತ್ತು ಬೇರೆಯವರ ಮೇಲೆ ಮಾಡಿದ ಮೋಸವೇ ಈಗ ನಮ್ಮ ಮೇಲೆ. ಈ ಕೈಚಳಕ ನನಗೆ ಎಲ್ಲಿಂದ ಬಂತು ಎಂಬುದಕ್ಕೆ ಒಂದು ಮಾತೂ ಆಡದೆ ಉತ್ತರ ಸಿಕ್ಕಿತು. ಅಪ್ಪ-ಮಗನ ಸಂಬಂಧ 'ಗಾಡ್ ಆಫ್ ವಾರ್'ನಲ್ಲೂ ವಸ್ತು, ಇಲ್ಲೂ ವಸ್ತು. ಅಲ್ಲಿ ಗಂಟೆಗಟ್ಟಲೆ ಸಂಭಾಷಣೆ, ಇಲ್ಲಿ ಕೆಲವೇ ಮಾತು ಮತ್ತು ಒಂದು ಕಾದಾಟ. ನನಗೆ ನೆನಪುಳಿದದ್ದು ಎರಡನೆಯದು.

ಸಾವಿನ ವಿಷಯವೂ ಹಾಗೆ. ಬೇರೆ ಆಟಗಳಲ್ಲಿ ನಾವು ಸತ್ತು ಮತ್ತೆ ಶುರು ಮಾಡಿದರೆ ಕಥೆಯೊಳಗಿನವರಿಗೆ ಅದು ಗೊತ್ತೇ ಇಲ್ಲ. ಇಲ್ಲಿ ನಾವು ಸತ್ತು ಎದ್ದು ಬಂದಂತೆ ನಮ್ಮ ಪರಿಚಯದವರಿಗೆ ಕೆಮ್ಮು ಹತ್ತುತ್ತದೆ, ಡ್ರ್ಯಾಗನ್‌ರಾಟ್ ಎಂಬ ರೋಗ. ಅಮರತ್ವಕ್ಕೆ ಬೇರೆ ಯಾರೋ ಬೆಲೆ ತೆರುತ್ತಾರೆ ಎಂಬ ಕಥೆಯ ತಿರುಳನ್ನು ಆಡುವವನ ಸೋಲಿಗೇ ಕಟ್ಟಿದ್ದಾರೆ.

ಒಂದು ಆಕ್ಷೇಪವನ್ನು ಎತ್ತಲೇಬೇಕು. ಇದರಲ್ಲಿ ಸುಲಭ, ಕಷ್ಟ ಅಂತ ಹಂತ ಆರಿಸುವ ಅವಕಾಶವಿಲ್ಲ. ಕೈ ಸೋತವನಿಗೆ ಕಥೆಯೂ ಇಲ್ಲ. ಹಳಗನ್ನಡ ಕಷ್ಟ, ಹಾಗಂತ ರನ್ನ ಸುಲಭ ಮಾಡಿ ಬರೆಯಬೇಕಿತ್ತು ಅಂತ ನಾವು ಹೇಳುವುದಿಲ್ಲ, ಸರಿ. ಆದರೆ ನಾವು ಟಿಪ್ಪಣಿ ಕೊಡುತ್ತೇವೆ, ಅನ್ವಯ ಬರೆಯುತ್ತೇವೆ, ತರಗತಿಯಲ್ಲಿ ಪದ ಬಿಡಿಸಿ ಹೇಳುತ್ತೇವೆ. ಪದ್ಯ ಅದರಿಂದ ಕೆಡುವುದಿಲ್ಲ. 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಅರವತ್ತಕ್ಕೂ ಹೆಚ್ಚು ಸೌಲಭ್ಯಗಳನ್ನು ಇಟ್ಟುಕೊಂಡು ಬಂತು. ಕಣ್ಣು ಕಾಣದವರೂ ಸದ್ದಿನ ಸೂಚನೆಯಿಂದ ಆಡಬಹುದಾದ ಮಟ್ಟಿಗೆ. ವಿನ್ಯಾಸದ ಗುಣ ಎನ್ನುವಾಗ ಇದನ್ನು ಹೊರಗಿಡುವುದು ನನಗೆ ಸರಿ ಕಾಣುವುದಿಲ್ಲ.

ಆ ಆಟಕ್ಕೇ ಬರುತ್ತೇನೆ. ನಾಟಿ ಡಾಗ್ ಸಂಸ್ಥೆ, ನಿರ್ದೇಶಕ ನೀಲ್ ಡ್ರಕ್‌ಮನ್. ತಂದೆಯಂತಿದ್ದ ಜೋಯೆಲ್‌ನನ್ನು ಕೊಂದ ಆಬಿಯನ್ನು ಹುಡುಕಿಕೊಂಡು ಎಲ್ಲೀ ಎಂಬ ಹುಡುಗಿ ಸಿಯಾಟಲ್‌ಗೆ ಹೋಗುತ್ತಾಳೆ, ಕೈಯಲ್ಲಿ ಮಡಚುವ ಚಾಕು. ಮೂರು ದಿನ ನಾವು ಎಲ್ಲೀ. ಆಮೇಲೆ ಆಟ ನಮ್ಮನ್ನು ಎತ್ತಿ ಆಬಿಯೊಳಗೆ ಹಾಕುತ್ತದೆ, ಅದೇ ಮೂರು ದಿನ ಮತ್ತೆ. ಆಬಿಯ ಅಪ್ಪನನ್ನು ಜೋಯೆಲ್ ಕೊಂದಿದ್ದ ಎಂಬುದು ಮನದಟ್ಟಾಗುತ್ತದೆ.

ಇಲ್ಲಿ ವೈರಿಗಳಿಗೆ ಹೆಸರಿದೆ. ಒಬ್ಬ ಬಿದ್ದರೆ ಇನ್ನೊಬ್ಬ ಹೆಸರು ಹಿಡಿದು ಕೂಗುತ್ತಾನೆ. ನಾಯಿ ಸತ್ತರೆ ಅದರ ಯಜಮಾನ ಅಳುತ್ತಾನೆ. ಅದರ ಗುರಿ ಸ್ಪಷ್ಟ: ಕೊಲ್ಲುವ ಕೈ ನಾಚಬೇಕು. ಎರಡು ಗಂಟೆ ಇದು ಕೆಲಸ ಮಾಡುತ್ತದೆ. ಹತ್ತನೆಯ ಗಂಟೆಗೆ ಆ ಕೂಗು ನನಗೆ ಉಪಯೋಗದ ಮಾಹಿತಿಯಾಗಿಬಿಟ್ಟಿತ್ತು: ಓ, ಆ ಮೂಲೆಯಲ್ಲಿ ಇನ್ನೊಬ್ಬ ಇದ್ದಾನೆ. ಹೊಂಚು ಹಾಕುವುದು, ಇದ್ದ ನಾಲ್ಕು ಗುಂಡಿನಲ್ಲಿ ಹೇಗೋ ಪಾರಾಗುವುದು, ಅಷ್ಟು ಚಂದ ಮಾಡಿಟ್ಟಿದ್ದಾರೆ. ಮೂರರಲ್ಲಿ ಅತ್ಯಂತ ನುರಿತ ಕಾದಾಟ ಬಹುಶಃ ಇದೇ. ಆ ನುರಿತವೇ ಕಥೆಗೆ ಎದುರು ನಿಲ್ಲುತ್ತದೆ.

ಇದಕ್ಕೆ ಸಾಕ್ಷಿ ತಯಾರಕರೇ ಕೊಟ್ಟಿದ್ದಾರೆ. 2024ರ ಜನವರಿಯಲ್ಲಿ ಬಂದ ಪರಿಷ್ಕೃತ ಆವೃತ್ತಿಯಲ್ಲಿ 'ನೋ ರಿಟರ್ನ್' ಅಂತ ಹೊಸ ವಿಭಾಗ. ಕಥೆ ಇಲ್ಲ, ಬರೀ ಕಾದಾಟ. ಯಾವುದಾದರೂ ಪಾತ್ರ ಆರಿಸು, ಕೊಲ್ಲು, ಅಂಕ ಗಳಿಸು. ಸೇಡಿನ ವ್ಯರ್ಥತೆಯ ಬಗ್ಗೆ ಇಡೀ ಕಥೆ ಹೇಳಿದವರೇ ಅದರ ಕೊಲೆಗಳನ್ನು ಬಿಡಿಸಿ ಬೇರೆ ಪೊಟ್ಟಣ ಕಟ್ಟಿಕೊಟ್ಟರು, ಮತ್ತು ಅದು ಆಡಲು ಬಹಳ ಮಜಾ. ಕಿತ್ತರೆ ಏನೂ ಕಳೆದುಹೋಗಲಿಲ್ಲ. ಇದಕ್ಕೆ ಒಂದು ತಿಂಗಳ ಹಿಂದೆ, 2023ರ ಡಿಸೆಂಬರಿನಲ್ಲಿ, 'ಗಾಡ್ ಆಫ್ ವಾರ್ ರಾಗ್ನರಾಕ್'ಗೆ 'ವಲ್ಹಾಲ' ಎಂಬ ಉಚಿತ ಸೇರ್ಪಡೆ ಬಂದಿತ್ತು. ಮಾದರಿ ಒಂದೇ: ಸೋತರೆ ಮೊದಲಿನಿಂದ ಶುರು. ಆದರೆ ಅಲ್ಲಿ ಪ್ರತಿ ಸಲ ಒಳಹೊಕ್ಕಾಗ ಕ್ರೇಟೋಸ್ ತನ್ನ ಗ್ರೀಕ್ ದಿನಗಳ ಒಂದೊಂದು ನೆನಪಿಗೆ ಎದುರಾಗುತ್ತಾನೆ. ಮತ್ತೆ ಮತ್ತೆ ಹೋಗುವುದೇ ಅವನಿಗೆ ಪ್ರಾಯಶ್ಚಿತ್ತದ ಹಾಗೆ. ಟ್ರೋಲ್‌ನಲ್ಲಿ ಸೋತ ಪುನರಾವರ್ತನೆ ಅದೇ ಸರಣಿಯಲ್ಲಿ ಇಲ್ಲಿ ಗೆದ್ದಿತು.

ಆದರೂ 'ಪಾರ್ಟ್ 2' ಎರಡು ಕಡೆ ಮೇಲೇಳುತ್ತದೆ. ಒಂದು, ರಂಗಮಂದಿರದ ಕಾದಾಟ. ಅಲ್ಲಿ ನಾವು ಆಬಿ, ಎದುರು ಎಲ್ಲೀ. ಮೊದಲ ಅರ್ಧದಲ್ಲಿ ನಾವೇ ಕಲಿತ ಹೊಂಚು, ನಾವೇ ನೆಲದಲ್ಲಿಟ್ಟ ಸ್ಫೋಟಕ, ಈಗ ನಮ್ಮನ್ನು ಬೇಟೆಯಾಡುತ್ತದೆ. ನಮ್ಮ ಪ್ರೀತಿಯ ಹುಡುಗಿ ಹೊರಗಿನಿಂದ ಎಷ್ಟು ಭಯಂಕರ ಅಂತ ಆಗ ಗೊತ್ತಾಗುತ್ತದೆ. ಎರಡು, ಸಮುದ್ರದ ಆಳವಿಲ್ಲದ ನೀರಿನ ಕೊನೆಯ ಹೊಡೆದಾಟ. ಇಬ್ಬರೂ ಬಳಲಿದ್ದಾರೆ. ಕಲಿತ ಚಾಕಚಕ್ಯತೆಗೆ ಅಲ್ಲಿ ಜಾಗವಿಲ್ಲ. ತಪ್ಪಿಸಿಕೋ, ಹೊಡೆ, ಅಷ್ಟೆ. ಬಟನ್ ಒತ್ತಲು ಮನಸ್ಸು ಬರುವುದಿಲ್ಲ, ಒತ್ತದಿದ್ದರೆ ಮುಂದೆ ಹೋಗುವುದಿಲ್ಲ. ಎಲ್ಲೀ ಎರಡು ಬೆರಳು ಕಳೆದುಕೊಂಡು, ಕೊನೆಗೆ ಆಬಿಯನ್ನು ಬಿಟ್ಟುಬಿಡುತ್ತಾಳೆ. ಜೋಯೆಲ್ ಕಲಿಸಿದ ಗಿಟಾರು ಮುಂದೆ ಆ ಕೈಗೆ ಸರಿಯಾಗಿ ನುಡಿಯುವುದಿಲ್ಲ.

ಇದನ್ನು ಆಡುವಾಗ ನನಗೆ ರನ್ನನ 'ಗದಾಯುದ್ಧ' ನೆನಪಾಯಿತು, ಬಲವಂತದ ಹೋಲಿಕೆಯಲ್ಲ. ಆಶ್ರಯದಾತ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದ ಕವಿಗೆ ನಾಯಕ ಭೀಮನೇ. ಆದರೂ ಕಾವ್ಯ ನಮ್ಮನ್ನು ಸಂಜಯನ ಜೊತೆ ರಣರಂಗ ನಡೆಯುವ ದುರ್ಯೋಧನನ ಕಣ್ಣೊಳಗೆ ಇಡುತ್ತದೆ. ಸತ್ತ ದ್ರೋಣ, ದುಶ್ಶಾಸನ, ಕರ್ಣ. ವೈರಿಯ ಮಗ ಅಭಿಮನ್ಯುವಿಗೂ ಅವನ ಬಾಯಲ್ಲಿ ಮೆಚ್ಚುಗೆ. ಬಿ.ಎಂ.ಶ್ರೀ. ಅದರಿಂದಲೇ ದುರಂತ ನಾಟಕ ಕಟ್ಟಿದರು. ಗದೆಯ ಕಾದಾಟ ಬರುವಷ್ಟರಲ್ಲಿ ಯಾರು ಗೆಲ್ಲಬೇಕು ಅಂತ ನಮ್ಮ ಮನಸ್ಸು ಕಲಕಿಹೋಗಿರುತ್ತದೆ. ರನ್ನ ಒಂದು ಕಾದಾಟಕ್ಕೆ ಅಷ್ಟು ನಡೆಸುತ್ತಾನೆ. 'ಪಾರ್ಟ್ 2' ನಡೆಸುತ್ತದೆ, ಆದರೆ ದಾರಿಯಲ್ಲಿ ನೂರಾರು ಜನರನ್ನು ಖುಷಿಯಿಂದ ಕೊಲ್ಲಿಸಿಕೊಂಡು.

ನನ್ನ ಸಮಯ ಮುಗಿಯಿತು ಅಂತ ಚಾಟ್‌ನಲ್ಲಿ ಬಂದಿದೆ. ಪ್ರಶ್ನೆಗಳಿದ್ದರೆ ತೆಗೆದುಕೊಳ್ಳುತ್ತೇನೆ.

ಪ್ರಶ್ನೆ (ವಿದ್ಯಾರ್ಥಿನಿ): ನಿಮ್ಮ ಪರೀಕ್ಷೆ ಪ್ರಕಾರ ಕಾದಾಟ ಕೆಟ್ಟದಾಗಿದ್ದರೂ ಕಥೆಗೆ ಹೊಂದಿದರೆ ಸಾಕಾ? 'ಹೆಲ್‌ಬ್ಲೇಡ್' ಆಡಿದ್ದೇನೆ, ಅದರಲ್ಲಿ ಹೊಡೆದಾಟ ಬಹಳ ಬೋರು.

ಉತ್ತರ: ಒಳ್ಳೆ ಉದಾಹರಣೆ ಕೊಟ್ಟಿರಿ. 2017ರ ಆಟ ಅದು, ನಿಂಜಾ ಥಿಯರಿಯದ್ದು. ಸೆನುವಾ ಎಂಬವಳಿಗೆ ತಲೆಯೊಳಗೆ ಧ್ವನಿಗಳು ಕೇಳಿಸುತ್ತವೆ. ಕಾದಾಟದಲ್ಲಿ ಹಿಂದಿನಿಂದ ಯಾರೋ ಬರುತ್ತಿದ್ದಾರೆ ಅಂತ ಎಚ್ಚರಿಸುವುದೂ ಅವೇ ಧ್ವನಿಗಳು. ಕಾಡುವುದೂ ಅದೇ, ಕಾಯುವುದೂ ಅದೇ. ಕೊನೆಯಲ್ಲಿ ವೈರಿಗಳು ಮುಗಿಯುವುದೇ ಇಲ್ಲ, ಅವಳು ಬೀಳುವವರೆಗೂ ಬರುತ್ತಲೇ ಇರುತ್ತಾರೆ. ಕಲ್ಪನೆ ಅದ್ಭುತ. ಆದರೆ ನೀವು ಹೇಳಿದ್ದು ಸರಿ, ನಡುವಿನ ಹೊಡೆದಾಟಗಳು ಸೊರಗಿವೆ, ಅವಕ್ಕೆ ಹೇಳಲು ಹೊಸತೇನಿಲ್ಲ. ಹೊಂದಿಕೆ ಇದ್ದರೆ ಸಾಲದು. ನುರಿತವೂ ಬೇಕು. ಆದರೂ ಎರಡರಲ್ಲಿ ಒಂದನ್ನೇ ಆರಿಸು ಅಂದರೆ ನಾನು 'ನೋ ರಿಟರ್ನ್' ಬಿಟ್ಟು ಸೆನುವಾಳ ಕೊನೆಯ ಕಾದಾಟ ಆರಿಸುತ್ತೇನೆ.

ಪ್ರಶ್ನೆ (ಅಧ್ಯಾಪಕರು): ಯಕ್ಷಗಾನದಲ್ಲಿ ಪ್ರೇಕ್ಷಕ ನೋಡುವವ. ಇಲ್ಲಿ ಆಡುವವ ಸ್ವತಃ ಹೊಡೆಯುತ್ತಾನೆ. ಹೋಲಿಕೆ ನಿಲ್ಲುತ್ತದಾ?

ಉತ್ತರ: ಸರ್, ಹೋಲಿಕೆ ಪ್ರೇಕ್ಷಕನ ಜೊತೆ ಅಲ್ಲ, ತಾಳಮದ್ದಳೆಯ ಅರ್ಥಧಾರಿಯ ಜೊತೆ ಇಡಬೇಕು ಅಂತ ನನಗೆ ಅನ್ನಿಸುತ್ತದೆ. ಅಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ, ಯುದ್ಧ ಪೂರ್ತಿ ಮಾತಿನಲ್ಲಿ. ಕರ್ಣನಾಗಿ ಕೂತವರಿಗೆ ಕರ್ಣ ಸಾಯುತ್ತಾನೆ ಅಂತ ಗೊತ್ತು, ಪ್ರಸಂಗ ಬದಲಾಗದು. ಆದರೂ ಗೆಲ್ಲುವವನ ಹಾಗೇ ವಾದಿಸುತ್ತಾರೆ, ಇಲ್ಲದಿದ್ದರೆ ಕೂಟ ಸಪ್ಪೆ. 'ಸೆಕಿರೋ' ಆರಂಭದಲ್ಲಿ ಗೆನಿಚಿರೋ ಎಂಬವನ ಜೊತೆ ಒಂದು ಕಾದಾಟ ಉಂಟು. ಹೆಚ್ಚಿನವರು ಸೋಲುತ್ತಾರೆ, ಸೋತರೆ ತೋಳನ ಎಡಗೈ ಕತ್ತರಿಸಿ ಹೋಗುತ್ತದೆ. ಎರಡನೇ ಸಲ ಆಡುವಾಗ ನಾನು ಗೆದ್ದೆ. ಆಗ ದೂರದಿಂದ ಅವನ ಕಡೆಯ ಇನ್ನೊಬ್ಬ ಅಲಗು ಎಸೆಯುತ್ತಾನೆ, ತೋಳ ಆ ಕಡೆ ತಿರುಗುವಾಗ ಗೆನಿಚಿರೋ ಕೈ ಕತ್ತರಿಸುತ್ತಾನೆ. ಪ್ರಸಂಗ ಬದಲಾಗಲಿಲ್ಲ ಸರ್. ಆದರೆ ನ್ಯಾಯವಾಗಿ ಸೋತ ತೋಳ ಬೇರೆ, ಮೋಸಕ್ಕೆ ಸೋತ ತೋಳ ಬೇರೆ. ಮುಂದೆ ಕೋಟೆಯ ಮೇಲೆ ಅದೇ ಗೆನಿಚಿರೋ ಎದುರು ಬಂದಾಗ ನನ್ನ ಕತ್ತಿ ಹಿಂದಿನ ಸಲಕ್ಕಿಂತ ಸಿಟ್ಟಿನಲ್ಲಿ ಇತ್ತು.